ಚೀಲದ ಮೇಲಿನ ಮುಖ

ಅಕ್ಕಿ ಚೀಲದ ಮೇಲೆ ಬಣ್ಣ ನಿಲ್ಲುತ್ತಿರಲಿಲ್ಲ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಪೊರೆಯ ಹಾಗೆ ಎದ್ದು ಬರುತ್ತಿತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇದೆ. ಜೀನ್ಸ್ ಹೊಲಿಯುವವರಿಗೆ ಲೇಬಲ್ಲು, ಬಟ್ಟೆ ಅಂಗಡಿಗಳಿಗೆ ಕೈಚೀಲ, ಮದುವೆ ಮನೆಗಳಿಗೆ ಕಾರ್ಡು, ಇದೇ ನನ್ನ ದಿನದ ಕೆಲಸ. ಬಟ್ಟೆ, ಕಾಗದಗಳ ಮೇಲೆ ಕೈ ಪಳಗಿದೆ. ಪ್ಲಾಸ್ಟಿಕ್ ನೂಲಿನಲ್ಲಿ ನೇಯ್ದ ಚೀಲ ಮಾತ್ರ ಹೊಸದು. ಪ್ರದರ್ಶನ ಹತ್ತಿರ ಬಂದಿತ್ತು. ಗೋಡೆಗೆ ಹಾಕಲು ಒಂದೂ ಸರಿಯಾದ ಅಚ್ಚು ಇರಲಿಲ್ಲ.

ಪ್ರದರ್ಶನದ ಮಾತು ಬಂದದ್ದು ಊರಿನ ಒಂದು ಚಿತ್ರಕಲಾ ಕಾಲೇಜಿನಿಂದ. ನಾನು ಚಿತ್ರಕಲೆ ಓದಿ ಅಚ್ಚಿನ ಕಸುಬಿಗೆ ಬಂದವಳೆಂದು ಅಲ್ಲಿನ ಅಧ್ಯಾಪಕರೊಬ್ಬರಿಗೆ ಗೊತ್ತಿತ್ತು. ಪಾಪ್ ಆರ್ಟ್ ಬಗ್ಗೆ ಹುಡುಗರಿಗೆ ಒಂದು ಮಾತು ಹೇಳಿ, ಜೊತೆಗೆ ಒಂದಿಷ್ಟು ಕೆಲಸ ತೋರಿಸಿ ಎಂದರು. ನಾನು ಓದುವಾಗಲೇ ಬಹಳ ಇಷ್ಟಪಟ್ಟಿದ್ದ ವಿಷಯ ಅದು. ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡ್, ಅಮೆರಿಕಗಳ ಅಂಗಡಿಗಳು ಡಬ್ಬಿ, ಪೊಟ್ಟಣ, ಜಾಹೀರಾತುಗಳಿಂದ ತುಂಬಿಹೋದವು. ಅಲ್ಲಿಯ ಕೆಲವು ಕಲಾವಿದರು ಅವನ್ನೇ ಎತ್ತಿ ಗ್ಯಾಲರಿಯ ಗೋಡೆಗೆ ಹಾಕಿದರು. ಸೂಪಿನ ಡಬ್ಬಿ, ಕಾಮಿಕ್ಸಿನ ಒಂದು ಚೌಕ, ಸಿನಿಮಾ ನಟಿಯ ಮುಖ. ಒಂದೇ ಚಿತ್ರ ಹತ್ತು ಬಣ್ಣಗಳಲ್ಲಿ ಹತ್ತು ಸಲ. ಅದಕ್ಕೆ ಅವರು ಆರಿಸಿಕೊಂಡದ್ದು ಸ್ಕ್ರೀನ್ ಪ್ರಿಂಟಿಂಗ್, ಅಂದರೆ ನನ್ನ ಅಂಗಡಿಯ ಕೆಲಸವನ್ನೇ. ಸಾಹುಕಾರರ ಮನೆಯ ಗೋಡೆಗೆ ಸೇರಬೇಕಾದದ್ದು ಕಲೆ, ಸಂತೆಯಲ್ಲಿ ಬಿದ್ದಿರುವುದು ಬರೀ ಸರಕು ಎಂಬ ಲೆಕ್ಕವನ್ನು ಅವರು ಕದಡಿದರು. ಬೈದವರೂ ಇದ್ದರು. ಆಮೇಲೆ ಬೈದವರೇ ಕೊಂಡರು.

ಆದರೆ ಬಳ್ಳಾರಿಯ ಹುಡುಗರ ಮುಂದೆ ಅಮೆರಿಕದ ಡಬ್ಬಿ ಇಟ್ಟರೆ ಏನಾದೀತು? ನಮ್ಮಲ್ಲಿ ಎಲ್ಲರ ಕಣ್ಣಿಗೂ ಬಿದ್ದ ಚಿತ್ರ ಯಾವುದು ಎಂದು ಯೋಚಿಸಿದೆ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಚೀಲ ತಾನಾಗಿ ನೆನಪಿಗೆ ಬಂತು. ಅದರ ಮೇಲೆ ಒಬ್ಬ ಹುಡುಗಿ. ಎಡಭುಜದ ಮೇಲಿಂದ ಮುಂದೆ ಬಿಟ್ಟ ಜಡೆ, ಕೈಯಲ್ಲಿ ಭತ್ತದ ತೆನೆ, ನಗಲೋ ಬೇಡವೋ ಎಂಬಂಥ ಮುಖ. ಈ ಕಡೆಯ ಮನೆಗಳಲ್ಲಿ ಅಕ್ಕಿ ಮುಗಿದರೂ ಆ ಹುಡುಗಿ ಹೋಗುವುದಿಲ್ಲ. ಬಚ್ಚಲಿಗೆ ಪರದೆಯಾಗುತ್ತಾಳೆ, ಟ್ರ್ಯಾಕ್ಟರಿನ ಸೀಟಿಗೆ ಹೊದಿಕೆಯಾಗುತ್ತಾಳೆ, ಬಾಗಿಲಲ್ಲಿ ಕಾಲೊರೆಸುವ ಚೀಲವಾಗುತ್ತಾಳೆ. ಪಾಪ್ ಆರ್ಟಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗದು ಎನ್ನಿಸಿತು. ಅದೇ ಚೀಲದ ಮೇಲೆ ಅದೇ ಮುಖವನ್ನು ಗುಲಾಬಿ, ಹಳದಿ, ಗಿಳಿಹಸಿರುಗಳಲ್ಲಿ ಅಚ್ಚು ಹಾಕಿ ಸಾಲಾಗಿ ತೂಗುಹಾಕುವುದೆಂದು ನಿರ್ಧರಿಸಿದೆ.

ಅನುಮತಿ ಕೇಳಲು ಸಿರುಗುಪ್ಪಕ್ಕೆ ಹೋದೆ. ಗಿರಣಿಯ ಈಗಿನ ಮಾಲೀಕರು ಮೂರನೆಯ ತಲೆಮಾರಿನವರು, ನನ್ನದೇ ವಯಸ್ಸು. ಹಮಾಲರ ಜೊತೆ ತೆಲುಗಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತ, ತೌಡಿನ ಧೂಳು ಒರೆಸಿ ಕುರ್ಚಿ ಕೊಟ್ಟರು. ಚಿತ್ರದ ಕಥೆ ಕೇಳಿದೆ. ಅವರ ತಾತ ಮದ್ರಾಸಿನ ಯಾರೋ ಚಿತ್ರಗಾರರಿಂದ ಬರೆಸಿದ್ದಂತೆ. ಅವರಿಗೆ ಬಹಳ ಖುಷಿಯಾಗಿತ್ತು. ಹೊಸ ಚೀಲಗಳ ಒಂದು ಕಟ್ಟು ಕೊಟ್ಟರು. ಬಳ್ಳಾರಿಯಲ್ಲಿ ತಮ್ಮದೇ ಒಂದು ಸಭಾಭವನ ಇದೆ, ಅಲ್ಲೇ ಪ್ರದರ್ಶನ ಮಾಡಿ, ನಮ್ಮ ಡೀಲರುಗಳನ್ನೂ ಕರೆಯುತ್ತೇನೆ ಎಂದರು. ಕಾಲೇಜಿನವರಿಗೂ ಜಾಗದ ತಲೆನೋವು ತಪ್ಪಿತು.

ಬಣ್ಣದ ತೊಂದರೆಯನ್ನು ಬಿಡಿಸಲು ನಾನೂ, ನನ್ನ ಜೊತೆ ಮುದ್ರಣ ಮಾಡುವ ಚಾಚಾನೂ ಸಾಕಷ್ಟು ಒದ್ದಾಡಿದೆವು. ಚಾಚಾ ಈ ಕಸುಬಿನಲ್ಲಿ ನನಗಿಂತ ಹಿರಿಯ, ಹೊಸದೇನೇ ಮಾಡಿದರೂ ಮೊದಲು ಬೇಡ ಎನ್ನುವ ಮನುಷ್ಯ. ಚೀಲಕ್ಕೆ ಹಿಡಿಯುವ ಬೇರೆ ಜಾತಿಯ ಬಣ್ಣ ತರಿಸಿದೆವು. ಅದು ಬಟ್ಟೆಯ ಬಣ್ಣಕ್ಕಿಂತ ಬೇಗ ಒಣಗುವಂಥದ್ದು. ಬಳ್ಳಾರಿಯ ಬೇಸಗೆಯಲ್ಲಿ ಚೀಲದ ಮೇಲೆ ಒಣಗುವ ಮೊದಲು ಸ್ಕ್ರೀನಿನ ಜಾಲರಿಯಲ್ಲೇ ಒಣಗಿ ಕೂತಿತು. ಎರಡು ಅಚ್ಚಿಗೆ ಒಂದು ಸಲ ನಿಲ್ಲಿಸಿ ತಿನ್ನರ್ ಹಾಕಿ ಒರೆಸಬೇಕು. ಫ್ಯಾನ್ ಹಾಕಿದರೆ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ, ಹಾಕದಿದ್ದರೆ ನಮ್ಮ ಬೆವರು ಚೀಲದ ಮೇಲೆ ಬೀಳುತ್ತದೆ. ಕೊನೆಗೆ ಚೀಲವನ್ನು ಮೊದಲೇ ತಿನ್ನರಿನಿಂದ ಒರೆಸಿ, ಬೆಳಗಿನ ತಂಪಿನಲ್ಲಷ್ಟೇ ಅಚ್ಚು ಹಾಕುವುದು ಎಂದಾಯಿತು.

ಮುಖದ ಗೆರೆಗಳನ್ನು ಮೂಡಿಸುವ ಕಪ್ಪು ಬಣ್ಣದ ಸ್ಕ್ರೀನಿಗಾಗಿ ಚಿತ್ರವನ್ನು ದೊಡ್ಡದು ಮಾಡಿ ಚುಕ್ಕೆಗಳಾಗಿ ಒಡೆಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹುಡುಗಿಯ ಎಡ ಹುಬ್ಬನ್ನು ಕತ್ತರಿಸಿದ ಹಾಗೆ ಒಂದು ಸಣ್ಣ ಗಾಯದ ಗುರುತು. ಕುಪ್ಪಸದ ತೋಳಿನ ಬಳಿ ಹೊಲಿಗೆ ಬಿಟ್ಟಿದ್ದ ಕಡೆ ಹಾಕಿದ ಒಂದು ಪಿನ್ನು. ಅಕ್ಕಿ ಮಾರಲು ಹುಡುಗಿಯ ಚಿತ್ರ ಬರೆಯುವವನು ಪಿನ್ನು ಬರೆಯುವುದಿಲ್ಲ. ಇದು ಫೋಟೋ ಎಂದು ಆಗಲೇ ಅನಿಸಿತು. ತೆನೆ ಮಾತ್ರ ಕೈಯಿಂದ ಬರೆದದ್ದು, ಅದರ ಗೆರೆಗಳೇ ಬೇರೆ. ಅಚ್ಚು ಹಾಕಲು ನಿಂತಾಗ ಚಾಚಾನಿಗೆ ತೋರಿಸಿದೆ. ಯಾರಾದರೇನು, ಬಣ್ಣ ಒಣಗುತ್ತಿದೆ, ಅಚ್ಚು ಎಳಿ ಎಂದ. ಎಳೆದೆ.

ಅಚ್ಚುಗಳು ತಯಾರಾದವು, ಸಭಾಭವನದ ಗೋಡೆಗೆ ಏರಿದವು. ಕಾಲೇಜಿನವರು ಗುಲಾಬಿ ಬಣ್ಣದ ಮುಖ, ಕೆಳಗೆ ನನ್ನ ನಂಬರು ಹಾಕಿ ಆಮಂತ್ರಣ ಮಾಡಿ ವಾಟ್ಸಾಪಿನಲ್ಲಿ ಹರಿಯಬಿಟ್ಟರು. ಅದೇ ದಿನ ಮಧ್ಯಾಹ್ನ ಕುರುಗೋಡಿನಿಂದ ಒಂದು ಫೋನ್ ಬಂತು. ಹೆಂಗಸಿನ ದನಿ, ತಾನು ಅಲ್ಲಿನ ಒಂದು ಶಾಲೆಯಲ್ಲಿ ಟೀಚರ್ ಎಂದು ಹೇಳಿಕೊಂಡರು.

"ಮೇಡಂ, ನೀವು ಗುಲಾಬಿ ಬಣ್ಣ ಬಳದೀರಲ್ಲ, ಅದು ನಮ್ಮವ್ವನ ಮುಖ. ಅದನ್ನ ಇವತ್ತ ತಗೀರಿ."

ಗಿರಣಿಯವರು ಅನುಮತಿ ಕೊಟ್ಟಿದ್ದಾರೆ ಎಂದೆ. ಆ ಮಾತು ಬಾಯಿಂದ ಹೊರಬಿದ್ದಾಗಲೇ ನನಗೆ ಹಿತವಾಗಲಿಲ್ಲ. ನಮ್ಮವ್ವನ ಮುಖಕ್ಕೆ ಅನುಮತಿ ಕೊಡಲು ಅವರು ಯಾರು ಎಂದು ಆಕೆ ಕೇಳಿದರು. ಎಡ ಹುಬ್ಬಿನ ಗುರುತಿನ ಬಗ್ಗೆ ವಿಚಾರಿಸಿದೆ. ಸಣ್ಣವಳಿದ್ದಾಗ ಬಾವಿಯ ರಾಟೆಯ ಹಗ್ಗ ಬಡಿದದ್ದು ಎಂದರು. ನಾಳೆಯೇ ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ಕುರುಗೋಡಿನ ಬಸ್ಸಿನಲ್ಲಿ ಕಿಟಕಿಯ ಕಬ್ಬಿಣ ಮುಟ್ಟಲಾರದಷ್ಟು ಕಾದಿತ್ತು. ಗುಡ್ಡದ ಬಂಡೆಗಳ ಕೆಳಗಿನ ಓಣಿಯಲ್ಲಿ ಮನೆ. ಬಾಗಿಲಿಗೆ ಬಂದವರೇ ಆ ತಾಯಿ. ತಲೆ ಅರ್ಧ ಬೆಳ್ಳಗಾಗಿತ್ತು, ಮೈ ತುಂಬಿಕೊಂಡಿತ್ತು. ಹುಬ್ಬು ನೋಡುವ ಮೊದಲೇ ಗುರುತು ಹಿಡಿದೆ. ವಾರಗಟ್ಟಲೆ ಆ ಕಣ್ಣು, ಆ ಗಲ್ಲ, ಆ ತುಟಿಯ ಅಂಚನ್ನು ಚುಕ್ಕೆ ಚುಕ್ಕೆಯಾಗಿ ನೋಡಿದ್ದವಳು ನಾನು. ಎದುರಿಗೆ ಜೀವಂತ ನಿಂತಾಗ ಚಪ್ಪಲಿ ಬಿಡುವುದನ್ನೂ ಮರೆತೆ.

ಮಗಳು ಸಿಟ್ಟಿನಲ್ಲಿದ್ದರು. ತಾಯಿ ನೀರು ಕೊಟ್ಟು, ಕೂತು, ನಿಧಾನವಾಗಿ ಹೇಳಿದರು. ತವರು ರೂಪನಗುಡಿ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಗಂಡಿನ ಕಡೆಯವರಿಗೆ ತೋರಿಸಲೆಂದು ತಂದೆ ಬಳ್ಳಾರಿಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ್ದರು. ಚೆನ್ನಾಗಿ ಬಂದಿದೆಯೆಂದು ಸ್ಟುಡಿಯೋದವನು ಗಾಜಿನ ಕಪಾಟಿನಲ್ಲಿ ಅದರ ಪ್ರತಿ ಇಟ್ಟುಕೊಂಡ. ಮುಂದಿನ ಸುಗ್ಗಿಗೆ ಆ ಮುಖ ಅಕ್ಕಿ ಚೀಲದ ಮೇಲೆ ಬಂತು. ಗಂಡಿನ ಕಡೆಯವರು ಚೀಲದ ಮೇಲಿನ ಹುಡುಗಿ ನಮಗೆ ಬೇಡ ಎಂದು ಹೇಳಿಕಳಿಸಿದರು. ತಂದೆ ಸಿರುಗುಪ್ಪದ ಗಿರಣಿಗೆ ಹೋದರೆ ಅಂದಿನ ಸಾಹುಕಾರರು ಗೇಟಿನಲ್ಲೇ ನಿಲ್ಲಿಸಿ, ಅದು ಮದ್ರಾಸಿನಲ್ಲಿ ಬರೆಸಿದ ಚಿತ್ರ, ನಿನ್ನ ಮಗಳೆನ್ನಲು ರುಜುವಾತೇನು ಎಂದು ಕೇಳಿದರು. ತಂದೆ ಮತ್ತೆ ಆ ಮಾತು ಎತ್ತಲಿಲ್ಲ. ಮುಂದೆ ಕುರುಗೋಡಿನ ಸಂಬಂಧ ಕೂಡಿಬಂತು. ಗಂಡ ಎಲ್ಲ ತಿಳಿದೇ ಮದುವೆಯಾದವರು. ಸಂತೆಯಲ್ಲಿ ಗೆಳೆಯರು, ನಿನ್ನ ಹೆಂಡತಿ ನಮ್ಮ ಮನೆಯಲ್ಲೂ ಇದ್ದಾಳೆ ಎಂದು ನಗುತ್ತಿದ್ದರಂತೆ. ಒಮ್ಮೆ ಗಂಡ ಒಬ್ಬನಿಗೆ ಹೊಡೆದು ವಿಷಯ ಪೊಲೀಸರವರೆಗೂ ಹೋಗಿತ್ತು.

ಆ ಮನೆಯ ಮೂಲೆಯಲ್ಲಿ ಹೊಟ್ಟು ತುಂಬಿದ ಎರಡು ಚೀಲ ಇದ್ದವು. ಯಾರೋ ಕೊಟ್ಟವು. ಎರಡನ್ನೂ ಒಳಮಗ್ಗುಲು ಹೊರಗೆ ಬರುವ ಹಾಗೆ ಮಗುಚಿ ಹಾಕಿದ್ದರು. ನೇಯ್ಗೆಯ ಸಂದಿನಲ್ಲಿ ಬಣ್ಣ ಮಸುಕಾಗಿ ಕಾಣುತ್ತಿತ್ತು. ಆ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟೆ.

"ಮಿಲ್ಲಿನವ್ರು ಯಾವತ್ತೂ ಬಂದು ಕೇಳ್ಲಿಲ್ಲ," ಎಂದರು ತಾಯಿ. "ನೀ ಬಂದಿ. ಆದ್ರ ನೀನೂ ಮಾಡಿದ ಮ್ಯಾಲೆ ಬಂದಿ."

ತೆಗೆದುಬಿಡಲೇ ಎಂದು ಕೇಳಿದೆ. ಅವರು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನೋಡದೆ ಹೇಗೆ ಹೇಳಲಿ, ಬಂದು ನೋಡಿ ಹೇಳುತ್ತೇನೆ ಎಂದರು. ಎದ್ದು ಹೊರಟಾಗ ಇನ್ನೊಂದು ಮಾತು ಸೇರಿಸಿದರು. "ನನ್ನ ಕೈಯಾಗ ತೆನಿ ಇರ್ಲಿಲ್ಲವಾ. ಪುಸ್ತಕ ಇತ್ತು. ಅದೂ ಸ್ಟುಡಿಯೋದವ್ರದ್ದ. ಹುಡುಗಿ ಓದ್ಯಾಳ ಅಂತ ತೋರ್ಸಾಕ ನಮ್ಮಪ್ಪ ಹಿಡಿಸಿದ್ದ." ಮೊದಲ ಸಲ ಅವರ ಮುಖದಲ್ಲಿ ನಗೆ ಸುಳಿಯಿತು.

ವಾಪಸು ಬಂದವಳೇ ಸಿರುಗುಪ್ಪಕ್ಕೆ ಹೋಗಿ ಮಾಲೀಕರಿಗೆ ವಿಷಯ ತಿಳಿಸಿದೆ. ಮೊದಲು ನಕ್ಕರು. ಹುಬ್ಬಿನ ಗುರುತು, ಪಿನ್ನು ಎಲ್ಲ ಹೇಳಿದ ಮೇಲೆ ನಗು ನಿಂತಿತು. ತಮ್ಮ ತಾತನ ಹೆಸರಿನ ಪ್ರಶ್ನೆ ಇದು, ಡೀಲರುಗಳೆಲ್ಲ ಬರುತ್ತಾರೆ, ಈ ಹೊತ್ತಿನಲ್ಲಿ ಹಳೆಯದನ್ನು ಕೆದಕಬೇಡಿ ಎಂದರು. ಆಕೆಗೆ ಬೇಕಾದರೆ ಏನಾದರೂ ಕೊಡೋಣ, ಮೊದಲು ಪ್ರದರ್ಶನ ಮುಗಿಯಲಿ ಎಂದರು. ಆಕೆ ಪ್ರದರ್ಶನಕ್ಕೆ ಬರುತ್ತಾರೆ, ಅವರು ಬೇಡ ಎಂದರೆ ನಾನು ತೆಗೆಯಬೇಕಾಗುತ್ತದೆ ಎಂದೆ.

"ನನ್ನ ಸಭಾಭವನದಾಗ ನನ್ನ ಬ್ರ್ಯಾಂಡ್ ತಗಿಯಾಕ ಆಕಿ ಯಾರು ಮೇಡಂ? ಆಕಿ ಬರೂದು ಬ್ಯಾಡ. ನೀವೂ ಸ್ಟೇಜಿನ ಮ್ಯಾಲೆ ಈ ಮಾತು ಆಡೂದು ಬ್ಯಾಡ."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಾಲುವೆಯ ನೀರು, ಎರಡೂ ಕಡೆ ಗದ್ದೆ. ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಕಾಲೇಜಿನ ಅಧ್ಯಾಪಕರಿಗೆ ಫೋನ್ ಮಾಡಿದೆ. ಉದ್ಘಾಟನೆ ಒಂದು ಮುಗಿಸಿಬಿಡೋಣ, ಆಮೇಲೆ ನೋಡೋಣ ಎಂದರು. ಎಲ್ಲರಿಗೂ ಬೇಕಾಗಿದ್ದದ್ದು ‘ಆಮೇಲೆ’. ಆ ತಾಯಿಗೆ ಇಷ್ಟು ವರ್ಷ ಸಿಕ್ಕದ್ದೂ ಅದೇ. ಬಳ್ಳಾರಿಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಸಭಾಭವನ ಬಿಡುವುದೆಂದು ನಿರ್ಧರಿಸಿದ್ದೆ. ನನ್ನ ಅಂಗಡಿಯೇ ಸಾಕು. ಯಂತ್ರಗಳನ್ನು ಹಿಂದಕ್ಕೆ ತಳ್ಳಿದರೆ ಮೂರು ಗೋಡೆ ಸಿಗುತ್ತವೆ.

ಮರುದಿನ ಬೆಳಿಗ್ಗೆ ಚಾಚಾನನ್ನು ಕರೆದುಕೊಂಡು ಗೂಡ್ಸ್ ಆಟೋದಲ್ಲಿ ಸಭಾಭವನಕ್ಕೆ ಹೋದರೆ ಮ್ಯಾನೇಜರ್ ಒಳಗೇ ಬಿಡಲಿಲ್ಲ. ಮಾಲೀಕರಿಂದ ಆಗಲೇ ಅವರಿಗೆ ಫೋನ್ ಬಂದಿತ್ತು. ಬಣ್ಣ ನಿಮ್ಮದಿರಬಹುದು, ಚೀಲ ಗಿರಣಿಯವು, ಒಂದನ್ನೂ ಒಯ್ಯುವಂತಿಲ್ಲ ಎಂದರು. ಜಗಳವಾಡಿದೆ. ಉಪಯೋಗವಾಗಲಿಲ್ಲ. ಕಿಟಕಿಯ ಗಾಜಿನಿಂದ ನನ್ನ ಅಚ್ಚುಗಳು ಸಾಲಾಗಿ ತೂಗುತ್ತಿರುವುದು ಕಾಣುತ್ತಿತ್ತು. ಖಾಲಿ ಆಟೋದಲ್ಲಿ ವಾಪಸಾದೆವು. ಪ್ರದರ್ಶನಕ್ಕೆ ಇನ್ನೊಂದೇ ದಿನ ಉಳಿದಿತ್ತು.

ಸ್ಕ್ರೀನುಗಳು ಅಂಗಡಿಯಲ್ಲೇ ಇದ್ದವು. ಮತ್ತೆ ಅಚ್ಚು ಹಾಕಬಹುದು. ಚಾಚಾ ಆಗಲೇ ಪಕ್ಕದ ಜೀನ್ಸ್ ಘಟಕದವರಿಂದ ಉಳಿದ ತುಂಡು ಬಟ್ಟೆ ತಂದು ಮೇಜಿನ ಮೇಲೆ ಹಾಸಿದ್ದ. ಚೀಲದ ಹಂಗೇ ಬೇಡ, ಇದು ನಮಗೆ ಪಳಗಿದ ಬಟ್ಟೆ ಎಂದ. ಅವನು ತಾನಾಗಿ ಹೊಸದಕ್ಕೆ ಮುಂದಾದದ್ದು ನಾನು ಕಂಡಂತೆ ಅದೇ ಮೊದಲು. ಸ್ಕ್ವೀಜಿ ಎನ್ನುವ ರಬ್ಬರ್ ಪಟ್ಟಿಯನ್ನು ಕೈಗೆ ತೆಗೆದುಕೊಂಡೆ, ಬಣ್ಣ ಸುರಿದೆ. ಎಳೆಯಲು ಕೈ ಬರಲಿಲ್ಲ. ಹಿಂದಿನ ಸಲ ಗೊತ್ತಿಲ್ಲದೆ ಮಾಡಿದ್ದೆ. ಈ ಸಲ ಗೊತ್ತಿದೆ. ಅವರು ಇನ್ನೂ ಹೂಂ ಎಂದಿಲ್ಲ. ಬಣ್ಣ ಜಾಲರಿಯಲ್ಲಿ ಒಣಗಲು ಶುರುವಾಗುವುದರೊಳಗೆ ಕುರುಗೋಡಿಗೆ ಫೋನ್ ಮಾಡಿದೆ. ಮಗಳು ಎತ್ತಿ, ಎಲ್ಲ ಕೇಳಿ, ಬೇಡವೇ ಬೇಡ ಎಂದರು. ತಾಯಿಗೆ ಕೊಡಿ ಎಂದು ಬೇಡಿಕೊಂಡೆ.

"ಅಮ್ಮಾ, ಹಾಕಿದ್ದೆಲ್ಲಾ ಅವರ ಹತ್ರ ಉಳೀತು. ಈಗ ಮತ್ತ ಹೊಸದಾಗಿ ಅಚ್ಚು ಹಾಕ್ಬೇಕು. ನಿಮ್ಮ ಮುಖ ಹಾಕ್ಲೇನ್ರಿ? ನೀವು ಬ್ಯಾಡ ಅಂದ್ರ ಗ್ವಾಡಿ ಖಾಲಿ ಬಿಡ್ತೀನಿ."

ಚಾಚಾ ಸ್ಕ್ರೀನನ್ನೂ ನನ್ನನ್ನೂ ನೋಡುತ್ತಿದ್ದ.

"ಹಾಕು," ಎಂದರು ತಾಯಿ ಕೊನೆಗೆ. "ತೆನಿ ತಗದು ಹಾಕು. ಮತ್ತ, ಮುಗಿದ ಮ್ಯಾಲೆ ಅಚ್ಚು ಹಾಕೂದು ಏನೈತಿ, ಅದು ಇರಬಾರ್ದು. ನನ್ನ ಕಣ್ಣ ಮುಂದ ತಗೀಬೇಕು."

ಬಣ್ಣ ಅಷ್ಟರಲ್ಲಿ ಅರ್ಧ ಕಟ್ಟಿಕೊಂಡಿತ್ತು. ತೊಳೆದು, ಒಣಗಿಸಿ, ಸ್ಕ್ರೀನನ್ನು ಬೆಳಕಿಗೆ ಹಿಡಿದು, ತೆನೆ ಇದ್ದ ಕಡೆ ಸಣ್ಣ ಕುಂಚದಿಂದ ಲೇಪ ಹಚ್ಚಿ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತ ಬಂದೆ. ಬೆರಳುಗಳ ಅಂಚು ಎಲ್ಲಿ ಮುಗಿದು ತೆನೆಯ ದಂಟು ಎಲ್ಲಿ ಶುರುವಾಗುತ್ತದೆ ಎಂದು ನೋಡಿ ನೋಡಿ ಕಣ್ಣು ನೀರಾಡಿತು. ಪುಸ್ತಕ ಬರೆಯಲಿಲ್ಲ. ಅದು ಹೇಗಿತ್ತೆಂದು ನನಗೆ ಗೊತ್ತಿರಲಿಲ್ಲ, ಅವರು ಬರೆ ಎಂದೂ ಹೇಳಿರಲಿಲ್ಲ. ಮೊದಲ ಅಚ್ಚು ಎಳೆದಾಗ ನೀಲಿ ಬಟ್ಟೆಯ ಮೇಲೆ ಹಳದಿ ಮುಖ ಬಂತು. ಕೈಗಳು ಏನನ್ನೋ ಹಿಡಿದ ಹಾಗಿದ್ದವು, ಏನೂ ಇರಲಿಲ್ಲ.

ಜಾಗ ಬದಲಾಯಿತೆಂದು ರಾತ್ರಿಯೇ ವಾಟ್ಸಾಪಿನಲ್ಲಿ ತಿಳಿಸಿದ್ದೆ. ಮರುದಿನ ಕೌಲ್ ಬಜಾರಿನ ಆ ಸಣ್ಣ ಅಂಗಡಿಯಲ್ಲಿ ವಿದ್ಯಾರ್ಥಿಗಳು, ಜೀನ್ಸ್ ಹೊಲಿಯುವ ಹೆಂಗಸರು, ದಾರಿಹೋಕರು ನೆರೆದರು. ತಾಯಿ ಮಗಳು ಮುಂಚೆಯೇ ಬಂದಿದ್ದರು. ತಾಯಿ ಒಂದೊಂದರ ಮುಂದೆಯೂ ನಿಂತು ನೋಡಿ ಕುರ್ಚಿಗೆ ಬಂದು ಕೂತರು. ನಾನು ಮಾತಿಗೆ ನಿಂತೆ. ಬರೆದುಕೊಂಡಿದ್ದ ಭಾಷಣದಲ್ಲಿ ಒಂದು ಮುಖ್ಯ ವಾಕ್ಯ ಇತ್ತು: ಪಾಪ್ ಆರ್ಟ್ ಚಿತ್ರವನ್ನು ಎಲ್ಲರ ಸ್ವತ್ತು ಮಾಡಿತು ಎಂದು. ಅವರನ್ನು ಎದುರಿಗೆ ಕೂರಿಸಿಕೊಂಡು ಅದನ್ನು ಹೇಳಲಾಗಲಿಲ್ಲ. ಆ ಕಲಾವಿದರು ನಮಗೆ ಡಬ್ಬಿಯನ್ನು ನಿಂತು ನೋಡಲು ಕಲಿಸಿದರು, ಅದು ದೊಡ್ಡ ಕೆಲಸ. ಆದರೆ ಡಬ್ಬಿಯ ಮೇಲೆ ಮುಖ ಇದ್ದರೆ ಆ ಮುಖದ ಒಡೆಯರು ಎಲ್ಲಿದ್ದಾರೆಂದು ನಾವು ಹುಡುಕಿಕೊಂಡು ಹೋಗಬೇಕು ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಗಿರಣಿಯ ಮಾಲೀಕರು ಬಂದು ನಿಂತಿದ್ದರು. ಸಭಾಭವನದ ಕಾರ್ಯಕ್ರಮ ಮುರಿದುಬಿದ್ದ ಸಿಟ್ಟು ಮುಖದಲ್ಲಿತ್ತು. ಇದು ನಮ್ಮ ಬ್ರ್ಯಾಂಡಿನ ಚಿತ್ರ, ನಮ್ಮ ತಾತ ಬರೆಸಿದ್ದು, ವಕೀಲರ ಮೂಲಕ ಮಾತಾಡಬೇಕಾಗುತ್ತದೆ ಎಂದರು. ಹುಡುಗರು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ ಎದ್ದು, ಹಳದಿ ಮುಖದ ಪಕ್ಕಕ್ಕೆ ಹೋಗಿ ನಿಂತು, ಸೆರಗು ಸರಿಸಿಕೊಂಡರು.

"ನಿಮ್ಮ ತಾತ ನಮ್ಮಪ್ಪನ್ನ ರುಜುವಾತು ಕೇಳಿದ್ರು. ಅವತ್ತು ನನ್ನನ್ನ ಮನಿಯಾಗ ಕುಂದ್ರಿಸಿ ಹೋಗಿದ್ದ ಅಪ್ಪ. ಇವತ್ತು ನಾನ ಬಂದೀನಿ. ನೀವು ಅವಾಗ ಹುಟ್ಟಿರ್ಲಿಲ್ಲ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ನೋಡ್ರಿ. ನೋಡಿ ಹೇಳ್ರಿ."

ಮಾಲೀಕರು ನೋಡಿದರು. ಗೋಡೆಯನ್ನು, ಆಕೆಯನ್ನು, ಮತ್ತೆ ಗೋಡೆಯನ್ನು. ಕೈ ಮುಗಿದಂತೆ ಮಾಡಿ ಹೊರಗೆ ಹೋದರು. ಮಗಳಿಗೆ ಅದು ಸಾಕಾಗಲಿಲ್ಲ. ತಪ್ಪಾಯಿತೆಂದು ಒಂದು ಮಾತು ಹೇಳಲಿಲ್ಲವಲ್ಲ ಎಂದು ಇವತ್ತಿಗೂ ಹೇಳುತ್ತಾರೆ. ವಕೀಲರ ನೋಟಿಸು ಬರಲಿಲ್ಲ. ಕೆಲವು ತಿಂಗಳ ಮೇಲೆ ಬಂದ ಹೊಸ ಚೀಲದಲ್ಲಿ ಬರೀ ತೆನೆ ಇತ್ತು. ಯಾಕೆ ಬದಲಾಯಿತೆಂದು ಗಿರಣಿಯವರು ಯಾರಿಗೂ ಹೇಳಲಿಲ್ಲ, ನನಗೂ ಫೋನ್ ಮಾಡಲಿಲ್ಲ.

ಪ್ರದರ್ಶನ ಮುಗಿದ ಮರುದಿನ ಬೆಳಿಗ್ಗೆ ತಾಯಿ ಒಬ್ಬರೇ ಬಸ್ಸಿನಲ್ಲಿ ಬಂದರು. ಅಂಗಡಿಯ ಹಿಂದಿನ ತೊಟ್ಟಿಯಲ್ಲಿ ಮುಖದ ಗೆರೆಗಳಿದ್ದ ಆ ಕಪ್ಪು ಬಣ್ಣದ ಸ್ಕ್ರೀನ್ ನಿಲ್ಲಿಸಿ, ಲೇಪ ಕರಗಿಸುವ ಪುಡಿಯನ್ನು ನೀರಿನಲ್ಲಿ ಕಲಸಿದೆ. ನಾನು ತೊಳೆಯಲು ಹೋದರೆ ಬೇಡವೆಂದು ಬ್ರಶ್ಶನ್ನು ತಾವೇ ತೆಗೆದುಕೊಂಡರು. ಕೈಗೆ ರಬ್ಬರಿನ ಗ್ಲೌಸ್ ಹಾಕಿಸಿದೆ. ಸ್ಕ್ರೀನಿನಲ್ಲಿ ಮುಖವೆಂದರೆ ತೆರೆದ ಜಾಗ, ಲೇಪ ಇರುವುದು ಅದರ ಸುತ್ತ. ಹಾಗಾಗಿ ತಿಕ್ಕಿದಂತೆ ಮುಖ ಅಳಿಯುವುದಿಲ್ಲ, ಸುತ್ತಲಿನದು ಕರಗಿ ಮುಖ ಅದರಲ್ಲಿ ಕೂಡಿಹೋಗುತ್ತದೆ. ಜಡೆ ಮೊದಲು ಹೋಯಿತು, ಆಮೇಲೆ ಭುಜ, ಆಮೇಲೆ ಕಣ್ಣು. ನಾನು ಪೈಪಿನಿಂದ ನೀರು ಬಿಟ್ಟೆ. ಲೇಪ ಕರಗಿದ ಹಸಿರು ನೀರು ಮೋರಿಗೆ ಹರಿಯಿತು.

ಜಾಲರಿಯನ್ನು ಬಿಸಿಲಿಗೆ ಎತ್ತಿ ಹಿಡಿದಾಗ ಮುಖದ ನೆರಳಿನಂಥ ಒಂದು ಕಲೆ ಉಳಿದಿತ್ತು. ಬಣ್ಣ ಬಹಳ ದಿನ ಕೂತರೆ ನೂಲಿಗೆ ಹೀಗೆ ಹಿಡಿಯುತ್ತದೆ. ಅವರು ಮತ್ತೆ ಬ್ರಶ್ ಎತ್ತಿಕೊಂಡು ತಿಕ್ಕತೊಡಗಿದರು. ಉಸಿರು ಏರಿತು, ಹಣೆಯ ಬೆವರು ಹುಬ್ಬಿಗೆ ಇಳಿಯಿತು. ಅದು ಹೋಗುವುದಿಲ್ಲ, ಆದರೆ ಅದರಿಂದ ತೊಂದರೆಯೇನಿಲ್ಲ ಎಂದು ಹೇಳಿದೆ.

"ಇದು ಅಚ್ಚು ಬೀಳೂದಿಲ್ಲೇನು?"

"ಇಲ್ರಿ ಅಮ್ಮಾ. ಬರೇ ಕಣ್ಣಿಗೆ ಕಾಣ್ತೈತಿ."

ಬ್ರಶ್ಶನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು, ಗ್ಲೌಸ್ ಕಳಚುತ್ತ ಅವರು ಜಾಲರಿಯನ್ನು ಇನ್ನೊಮ್ಮೆ ನೋಡಿದರು.

"ಹಂಗಾರ ಇರ್ಲಿ ಬಿಡು," ಎಂದರು.